ಬೊಜ್ಜಿನ ಕುರಿತ ಸಂದೇಶಗಳು: ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

ತಿಂಗಳಲ್ಲಿ ಹತ್ತು ಕಿಲೋ ಇಳಿಸುವುದಾಗಿ ಹೇಳುವ ಪುಡಿಗಳ ಜಾಹೀರಾತುಗಳೂ, ‘ಬಾಯಿ ಕಟ್ಟಿದರೆ ಸಾಕು’ ಎಂಬ ಉಪದೇಶಗಳೂ ಗುಂಪಿನಲ್ಲಿ ಹೆಚ್ಚುತ್ತಿರುವುದರಿಂದ ಇದನ್ನು ಬರೆಯಬೇಕಾಗಿದೆ. ಬೊಜ್ಜನ್ನು ವಿಶ್ವ ಆರೋಗ್ಯ ಸಂಸ್ಥೆಯು ದೀರ್ಘಕಾಲದ ಕಾಯಿಲೆಯೆಂದು ಪರಿಗಣಿಸುತ್ತದೆ. ಅಮೆರಿಕದ ವೈದ್ಯಕೀಯ ಸಂಘವು 2013ರಲ್ಲೇ ಅದನ್ನು ಕಾಯಿಲೆಯೆಂದು ಒಪ್ಪಿಕೊಂಡಿತ್ತು. ತೂಕ ಇಳಿದಾಗ, ಕೊಬ್ಬಿನ ಸಂಗ್ರಹದ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ಲೆಪ್ಟಿನ್ ಎಂಬ ಹಾರ್ಮೋನು ಕುಗ್ಗಿ, ಹಸಿವು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಏರಿ, ದೇಹ ಖರ್ಚು ಮಾಡುವ ಶಕ್ತಿಯೂ ಕಡಿಮೆಯಾಗುವುದರಿಂದ, ಇಳಿದ ತೂಕ ಮರಳಿ ಬರುವುದನ್ನು ಮನೋಬಲದ ಕೊರತೆ ಎನ್ನುವುದು ಅನ್ಯಾಯ.

ಭಾರತೀಯರಲ್ಲಿ ಬಿಎಂಐ (ಕಿಲೋಗಳಲ್ಲಿನ ತೂಕವನ್ನು ಮೀಟರುಗಳಲ್ಲಿನ ಎತ್ತರದ ವರ್ಗದಿಂದ ಭಾಗಿಸಿದ ಅಂಕಿ) 25 ಮುಟ್ಟಿದರೆ ಬೊಜ್ಜೆಂದು ಎಣಿಸುವುದು ರೂಢಿ. 160 ಸೆಂ.ಮೀ. ಎತ್ತರದವರಿಗೆ ಅದು 64 ಕಿಲೋ. ಹಲವರಿಗೆ ಇದು ಅಚ್ಚರಿಯೆನಿಸಬಹುದು. ಸೊಂಟದ ಸುತ್ತಳತೆ ಇನ್ನೂ ಹೆಚ್ಚು ಹೇಳುತ್ತದೆ: ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟು, ಹೊಟ್ಟೆ ಒಳಗೆಳೆದುಕೊಳ್ಳದೆ (ಎಲ್ಲರೂ ಎಳೆದುಕೊಳ್ಳುತ್ತಾರೆ!) ಟೇಪು ಹಿಡಿದಾಗ ಪುರುಷರಲ್ಲಿ 90, ಮಹಿಳೆಯರಲ್ಲಿ 80 ಸೆಂ.ಮೀ. ಮೀರಿದರೆ ವೈದ್ಯರನ್ನು ಕಾಣಬೇಕು.

ಆಹಾರ, ನಡಿಗೆ, ನಿದ್ರೆ ಎಲ್ಲ ಚಿಕಿತ್ಸೆಗೂ ತಳಹದಿ. ಅಗತ್ಯವಿದ್ದವರಿಗೆ ಸೆಮಾಗ್ಲುಟೈಡ್, ಟಿರ್ಜೆಪಟೈಡ್‌ನಂತಹ ಚುಚ್ಚುಮದ್ದುಗಳೂ ಶಸ್ತ್ರಚಿಕಿತ್ಸೆಯೂ ಇವೆ. ರಕ್ತದೊತ್ತಡದ ಮಾತ್ರೆ ನಿಲ್ಲಿಸಿದರೆ ಒತ್ತಡ ಮತ್ತೆ ಏರುವಂತೆಯೇ, ಈ ಔಷಧಿ ನಿಲ್ಲಿಸಿದರೆ ಬಹುತೇಕರಲ್ಲಿ ತೂಕ ಮತ್ತೆ ಏರುತ್ತದೆ. ಆದ್ದರಿಂದ ವೈದ್ಯರ ಚೀಟಿಯಿಲ್ಲದೆ ಇವುಗಳನ್ನು ಆರಂಭಿಸುವುದೂ, ತಾವಾಗಿಯೇ ಬಿಡುವುದೂ ಸಲ್ಲದು.

ಇನ್ನು ಮುಂದೆ ಪುಡಿ, ಕಷಾಯಗಳ ಜಾಹೀರಾತುಗಳನ್ನು ಅಳಿಸಲಾಗುವುದು. ಸದಸ್ಯರ ಫೋಟೋಗಳ ಕೆಳಗೆ ಮೈಕಟ್ಟಿನ ಬಗ್ಗೆ, ತಮಾಷೆಗಾದರೂ, ದಯವಿಟ್ಟು ಬರೆಯಬೇಡಿ.