ನಿಜವಾದರೂ ಆಡಬಾರದ ಮಾತು

ಪ್ರಿಯ ಕಿರಿಯ ಮಿತ್ರರಿಗೆ ವಂದನೆಗಳು.

ನಿಮ್ಮ ಸೋದರತ್ತೆಯವರನ್ನು ಕುರಿತು ಪತ್ರಿಕೆಗೆಂದು ನೀವು ಬರೆದ ಬರಹವನ್ನು ಎರಡು ಸಲ ಓದಿದೆ. ಜತೆಗಿಟ್ಟ ಚೀಟಿಯಲ್ಲಿ ‘ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ’ ಎಂದು ಬರೆದಿದ್ದೀರಿ. ನಂಬುತ್ತೇನೆ, ನನ್ನ ತಕರಾರು ಹುಟ್ಟುವುದೇ ಅಲ್ಲಿಂದ.

ಯಹೂದಿ ಧರ್ಮಶಾಸ್ತ್ರದಲ್ಲಿ ಪರರ ಮೇಲೆ ಸುಳ್ಳು ಹೊರಿಸುವುದಕ್ಕೆ ‘ಮೋತ್ಸಿ ಶೇಮ್ ರಾ’ ಎಂಬ ಬೇರೆಯೇ ಹೆಸರಿದೆ. ‘ಲಶೋನ್ ಹರಾ’, ಅಂದರೆ ಕೆಟ್ಟ ನಾಲಗೆ, ಎಂದು ಅವರು ಕರೆಯುವುದು ನಿಜವೇ ಆಗಿದ್ದರೂ ಇನ್ನೊಬ್ಬರ ಮಾನಕ್ಕೋ ಬದುಕಿಗೋ ಕುಂದು ತರುವ ಮಾತನ್ನು. ಈ ನಿಯಮಗಳನ್ನು ಒಟ್ಟುಗೂಡಿಸಿ 1873ರಲ್ಲಿ ಪುಸ್ತಕ ಮಾಡಿದವರು ಇಂದಿನ ಬೆಲಾರೂಸ್‌ನಲ್ಲಿರುವ ರಾದಿನ್ ಊರಿನ ರಬ್ಬಿ (ಯಹೂದಿ ಧರ್ಮಗುರು) ಯಿಸ್ರಾಯೇಲ್ ಮೇಯಿರ್ ಕಗಾನ್. ಅದರಲ್ಲಿ ತಮ್ಮ ಹೆಸರನ್ನೇ ಹಾಕಿಕೊಳ್ಳಲಿಲ್ಲ. ಕಡೆಗೆ ಪುಸ್ತಕದ ಹೆಸರಾದ ‘ಹಾಫೆಟ್ಸ್ ಹಯಿಮ್’ ಎಂಬುದರಿಂದಲೇ ಜನ ಅವರನ್ನು ಕರೆದರು. (ಮುಖಪುಟದಲ್ಲಿ ನಮ್ಮ ಹೆಸರಿನ ಅಕ್ಷರ ಸಣ್ಣದಾಯಿತೆಂದು ಕೊರಗುವವರು ನಾವು.)

ಅವರ ಶಾಸ್ತ್ರದಲ್ಲಿ ನನ್ನನ್ನು ಚುಚ್ಚಿದ್ದು ಕೆಟ್ಟ ಮಾತಿನ ‘ಧೂಳು’ ಎಂಬ ಕಲ್ಪನೆ. ‘ಅವರ ವಿಷಯ ಬಿಡಿ, ನಾನೇನೂ ಹೇಳುವುದಿಲ್ಲ’ ಎನ್ನುವುದೂ ಧೂಳೇ. ಆಗದವರ ಎದುರು ಒಬ್ಬರನ್ನು ಹೊಗಳಿ ಅವರ ಬಾಯಿಯಿಂದ ಬೈಗುಳ ಹೊರಡಿಸುವುದೂ ಧೂಳೇ. ಹಿಂದೊಮ್ಮೆ ನನ್ನ ಮೇಷ್ಟರೊಬ್ಬರ ವ್ಯಕ್ತಿಚಿತ್ರ ಬರೆದು, ‘ಅವರ ಸಂಜೆಗಳ ಬಗ್ಗೆ ಬರೆಯುವುದು ಸಲ್ಲದು’ ಎಂದು ಒಂದು ಸಾಲು ಸೇರಿಸಿದ್ದೆ. ಸಂಯಮವೆಂದು ಬೀಗಿದ್ದ ಆ ಸಾಲನ್ನು ಓದಿದವರೆಲ್ಲ ನನಗೆ ಕೇಳಿದ್ದು ಸಂಜೆಗಳ ಬಗ್ಗೆಯೇ.

ಹಾಗೆಂದು ಆ ಶಾಸ್ತ್ರ ಬಾಯಿಗೆ ಬೀಗ ಹಾಕುವುದಿಲ್ಲ. ಚಾಡಿ ಹೇಳುತ್ತ ತಿರುಗಬೇಡವೆಂದು ವಿಧಿಸುವ, ಬೈಬಲಿನ ಯಾಜಕಕಾಂಡದ 19:16ನೆಯ ವಚನವೇ, ನೆರೆಯವನ ಪ್ರಾಣಕ್ಕೆ ಕುತ್ತು ಬಂದಾಗ ಸುಮ್ಮನೆ ನಿಲ್ಲಬೇಡವೆಂದೂ ಹೇಳುತ್ತದೆ. ಹೆಣ್ಣು ಕೊಡುವವರಿಗೆ ಅಥವಾ ವ್ಯಾಪಾರದಲ್ಲಿ ಪಾಲುದಾರರಾಗುವವರಿಗೆ ಮೋಸವಾಗುವಂತಿದ್ದರೆ ಹೇಳಬೇಕು. ಆದರೆ ಕೇಳಿದ್ದನ್ನಲ್ಲ, ಖಚಿತವಾಗಿ ತಿಳಿದದ್ದನ್ನು, ಒಗ್ಗರಣೆ ಹಾಕದೆ, ಹಗೆ ತೀರಿಸಿಕೊಳ್ಳುವ ಉದ್ದೇಶವಿಲ್ಲದೆ, ಬೇರೆ ದಾರಿಯಿಲ್ಲವೆಂದು ಮನದಟ್ಟಾದ ಮೇಲೆ. ಇದನ್ನೆಲ್ಲ ಅಕ್ಷರಶಃ ಪಾಲಿಸಿದರೆ ನಮ್ಮಲ್ಲಿ ಅರ್ಧ ಜನ ಲೇಖನಿ ಕೆಳಗಿಡಬೇಕಾದೀತು, ಮತ್ತು ನಾನು ಪಾಲಿಸಿದವನೂ ಅಲ್ಲ. ಆದರೂ ‘ಇದು ನಿಜವೇ?’ ಎಂಬ ಪ್ರಶ್ನೆಯ ಬೆನ್ನಿಗೇ ‘ಇದು ಯಾರಿಗಾಗಿ?’ ಎಂದು ಕೇಳಿಕೊಳ್ಳುವ ಅಭ್ಯಾಸ ನನಗೆ ಹತ್ತಿದ್ದು ಅಲ್ಲಿಂದಲೇ.

ಈಗ ನಿಮ್ಮ ನಾಲ್ಕನೆಯ ಪುಟ. ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತ, ಗಂಡನಿಗೆ ತಿಳಿಯದಂತೆ ಡಬ್ಬಿಯ ತಳದಲ್ಲಿ ಕೂಡಿಟ್ಟ ದುಡ್ಡಿನ ವಿಷಯ ಹೇಳುತ್ತಾರೆ. ಹೇಳುವಾಗ ಅವರ ಬೆರಳು ಒಂದು ಕಲ್ಲಿನ ಮೇಲೆ ನಿಂತುಬಿಡುತ್ತದೆ. ಇಡೀ ಬರಹದಲ್ಲಿ ಅಷ್ಟು ಜೀವಂತವಾದದ್ದು ಇನ್ನೊಂದಿಲ್ಲ. ಆದರೆ ಮಾವನವರು ದಿನವೂ ಪತ್ರಿಕೆ ಓದುತ್ತಾರೆಂದು ಎರಡನೆಯ ಪುಟದಲ್ಲಿ ನೀವೇ ಬರೆದಿದ್ದೀರಿ. ಒಬ್ಬರು ನಮಗೆ ಹೇಳಿದ್ದನ್ನು, ‘ಹೋಗಿ ಹೇಳು’ ಎಂದು ಅವರೇ ಒಪ್ಪಿಗೆ ಕೊಡುವ ತನಕ ಬೇರೆಯವರಿಗೆ ಹೇಳಕೂಡದೆಂದು ಯಹೂದಿಗಳ ಪ್ರಾಚೀನ ಧರ್ಮಗ್ರಂಥವಾದ ತಾಲ್ಮೂಡ್ ವಿಧಿಸುತ್ತದೆ. ಅತ್ತೆಯವರನ್ನು ಕೇಳಿದಿರಾ?

ಹಸ್ತಪ್ರತಿಯನ್ನು ಇದರೊಂದಿಗೆ ಹಿಂದಿರುಗಿಸುತ್ತಿದ್ದೇನೆ. ಉಳಿದ ಪುಟಗಳಲ್ಲಿ ಪೆನ್ಸಿಲ್ ಗುರುತುಗಳಿವೆ. ನಾಲ್ಕನೆಯದನ್ನು ನಾನು ಮುಟ್ಟಿಲ್ಲ.

ಇತಿ ನಿಮ್ಮ ಹಿತೈಷಿ