ಬೇಲಿ ಕೀಳುವ ಬೇಟೆಗಾರರು: ಗೆಳೆಯನಿಗೊಂದು ಪತ್ರ

ಗ್ರೀನ್ ರಿವರ್, ವಯೋಮಿಂಗ್, ಅಮೆರಿಕ

ಪ್ರಿಯ ಗೆಳೆಯ,

ನಿನ್ನ ಪತ್ರ ತಲುಪಿತು. ಚುನಾವಣೆ ಮುಗಿದು ಇಷ್ಟು ದಿನವಾದರೂ ಠಾಣೆಗೆ ಒಪ್ಪಿಸಿದ ಕೋವಿ ಮನೆಗೆ ಮರಳಿಲ್ಲವೆಂದೂ, ಅಷ್ಟರಲ್ಲಿ ಕಾಡುಹಂದಿಗಳು ಗದ್ದೆಯ ಅಂಚನ್ನೆಲ್ಲ ಉತ್ತು ಹಾಕಿವೆಯೆಂದೂ ಬರೆದಿದ್ದೀಯೆ. ಅದೇ ಪತ್ರದ ಕೊನೆಯಲ್ಲಿ, ನಾನು ಇಲ್ಲಿ ಜಿಂಕೆ ಹೊಡೆಯುವವರ ಸಂಸ್ಥೆಯೊಂದಕ್ಕೆ ಸದಸ್ಯನಾಗಿರುವ ಸುದ್ದಿಯನ್ನು ಎತ್ತಿಕೊಂಡು, "ಹಾಲಿಗೆ ಬೆಕ್ಕನ್ನು ಕಾವಲಿಟ್ಟ ಹಾಗಾಯಿತಲ್ಲ ಮಾರಾಯ" ಎಂದು ನಕ್ಕಿದ್ದೀಯೆ. ಆ ನಗೆಗೆ ಉತ್ತರ ಕೊಡಲೆಂದೇ ಈ ದೀರ್ಘ ಪತ್ರ. ಮೊದಲ ಎರಡು ಮೂರು ವರ್ಷ ನಾನೂ ಹೀಗೆಯೇ ನಕ್ಕವನು.

ನಾನು ಕೋವಿ ಹಿಡಿದವನಲ್ಲ, ಮಾಂಸ ತಿನ್ನುವವನೂ ಅಲ್ಲ. ನಿಮ್ಮ ಜಗುಲಿಯಲ್ಲಿ ಕೂತು ನಿನ್ನ ಅಜ್ಜ ಬೇಟೆಗೆಂದು ಹಳು ನುಗ್ಗಿದ ಕಥೆಗಳನ್ನು ಹೇಳುತ್ತಿದ್ದಾಗ, ಮಾತು ಮಾಂಸ ಪಾಲು ಹಾಕುವ ಹಂತಕ್ಕೆ ಬಂದೊಡನೆ ನಾನು ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗುತ್ತಿದ್ದುದನ್ನು ನೀನು ಇನ್ನೂ ಮರೆತಿಲ್ಲ. ಅಂಥವನು ಗಾಜು ಮಾಡಲು ಬಳಸುವ ಸೋಡಾ ಬೂದಿಯ ಕಾರ್ಖಾನೆಯ ಕೆಲಸ ಹಿಡಿದು ಬಂದು ಸೇರಿದ್ದು ಎಂಥ ಊರಿಗೆಂದರೆ, ಅಕ್ಟೋಬರ್ ಬಂತೆಂದರೆ ಇಲ್ಲಿ ಪಾಳಿಯ ಅರ್ಧ ಜನ ರಜೆ ಹಾಕಿ ಗುಡ್ಡ ಹತ್ತುತ್ತಾರೆ, ಹಿಂದಿರುಗಿ ಬಂದ ಮೇಲೆ ತಿಂಗಳುಗಟ್ಟಲೆ ಊಟದ ವೇಳೆಯಲ್ಲಿ ಅದೇ ಮಾತು. ಆ ಮಾತಿನಲ್ಲಿ ನನ್ನನ್ನು ಮೊದಲು ತಡೆದು ನಿಲ್ಲಿಸಿದ್ದು ಗುಂಡಿನ ವಿಷಯವಲ್ಲ. ಯಾವ ಗುಡ್ಡದಲ್ಲಿ ಈ ವರ್ಷ ಮರಿಗಳು ಕಡಿಮೆ, ಯಾವ ಬಯಲಿನಲ್ಲಿ ಹುಲ್ಲು ಕೆಟ್ಟಿದೆ, ಯಾವ ರಸ್ತೆಯಲ್ಲಿ ಎಷ್ಟು ಜಿಂಕೆ ಲಾರಿಗೆ ಸಿಕ್ಕಿ ಸತ್ತವು ಎಂಬ ಅವರ ಲೆಕ್ಕ. ನಿನ್ನ ಅಪ್ಪ ಮಳೆಯ ಲೆಕ್ಕ ಇಡುತ್ತಿದ್ದರಲ್ಲ, ಹಾಗೆ.

ಇಲ್ಲಿನ ಜಿಂಕೆಯ ಹೆಸರು ಮ್ಯೂಲ್ ಡಿಯರ್. ಹೇಸರಗತ್ತೆಯ ಕಿವಿಯಷ್ಟು ಉದ್ದನೆಯ ಕಿವಿ ಇರುವುದರಿಂದ ಆ ಹೆಸರು. ನಮ್ಮ ಚುಕ್ಕೆ ಜಿಂಕೆಯ ಅಂದ ಇದಕ್ಕಿಲ್ಲ. ಚಳಿಗಾಲದಲ್ಲಿ ಬೂದು ಬಣ್ಣಕ್ಕೆ ತಿರುಗಿ, ಸೇಜ್‌ಬ್ರಷ್ ಪೊದೆಗಳ ನಡುವೆ ನಿಂತರೆ ಅಲ್ಲಿರುವುದೇ ಗೊತ್ತಾಗುವುದಿಲ್ಲ. ಆದರೆ ಇದು ನಡೆಯುವ ದಾರಿ ಕೇಳಿದರೆ ನೀನು ಬೆರಗಾಗುತ್ತೀಯೆ. ನಮ್ಮ ಊರಿನ ಪೂರ್ವಕ್ಕಿರುವ ರೆಡ್ ಡೆಸರ್ಟ್ ಎಂಬ ಒಣ ಬಯಲಿನಲ್ಲಿ ಚಳಿಗಾಲ ಕಳೆಯುವ ಸಾವಿರಾರು ಜಿಂಕೆಗಳು ವಸಂತ ಬಂದೊಡನೆ ಉತ್ತರಕ್ಕೆ ಹೊರಟು, ಹಿಮ ಕರಗಿ ಹುಲ್ಲು ಚಿಗುರಿದ ಹಾಗೆಲ್ಲ ಆ ಚಿಗುರಿನ ಬೆನ್ನು ಹಿಡಿದು, ಸುಮಾರು 150 ಮೈಲಿ ದೂರದ ಹೋಬ್ಯಾಕ್ ಕಣಿವೆ ಸೇರುತ್ತವೆ. ಹೇಮಂತದಲ್ಲಿ ಅದೇ ದಾರಿಯಲ್ಲಿ ವಾಪಸಾಗುತ್ತವೆ. ಹಾಲ್ ಸಾಯರ್ ಎಂಬ ಜೀವವಿಜ್ಞಾನಿ ಜಿಂಕೆಗಳ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ 2014ರಲ್ಲಿ ಈ ದಾರಿಯನ್ನು ನಕ್ಷೆಯಲ್ಲಿ ತೋರಿಸುವವರೆಗೆ, ಇಷ್ಟು ದೂರದ ವಲಸೆಯೊಂದು ಕಣ್ಣೆದುರಿಗೇ ನಡೆಯುತ್ತಿದೆಯೆಂದು ಇಲ್ಲಿನವರಿಗೂ ಗೊತ್ತಿರಲಿಲ್ಲ. ಆ ದಾರಿಗೆ ಅಡ್ಡವಾಗಿ ನೂರಕ್ಕೂ ಹೆಚ್ಚು ಬೇಲಿಗಳಿವೆ. ದಾರಿ ಮುಚ್ಚಿತೆಂದು ಹೊಸ ದಾರಿ ಹುಡುಕುವ ಸ್ವಭಾವ ಈ ಜಿಂಕೆಗಿಲ್ಲ. ಒಮ್ಮೆ ಕಲಿತ ಹಾದಿಯನ್ನು ಅದು ಸಾಯುವವರೆಗೂ ಬಿಡುವುದಿಲ್ಲ.

ಬೇಲಿಯ ವಿಷಯಕ್ಕೆ ಬಂದೆ. ನನ್ನ ಮನಸ್ಸು ತಿರುಗಿದ್ದು ಅಲ್ಲಿಯೇ. ಜೊತೆಯಲ್ಲಿ ಕೆಲಸ ಮಾಡುವವನೊಬ್ಬ ಒಂದು ಶನಿವಾರ, "ಕೈಗೆ ದಪ್ಪ ಚರ್ಮದ ಗವಸು ಹಾಕಿಕೊಂಡು ಬಾ, ಬೇಲಿ ಕೀಳುವುದಿದೆ" ಎಂದು ಕರೆದೊಯ್ದ. ಹಿಂದೊಮ್ಮೆ ಕುರಿ ಮೇಯಿಸುತ್ತಿದ್ದವರು ಹಾಕಿ ಬಿಟ್ಟುಹೋದ ಬೇಲಿ ಅದು; ಕೆಳಗೆ ನೆಲಕ್ಕೆ ಹತ್ತಿದ ಜಾಲರಿ, ಅದರ ಮೇಲೆ ಎರಡು ಸಾಲು ಮುಳ್ಳುತಂತಿ. ದೊಡ್ಡ ಜಿಂಕೆ ಇದನ್ನು ಹಾರಬಲ್ಲದು, ಆದರೆ ದಣಿದಾಗಲೋ ಹಿಮ ಆಳವಿದ್ದಾಗಲೋ ಹಾರುವಾಗ ಹಿಂಗಾಲು ಮೇಲಿನ ಎರಡು ತಂತಿಗಳ ನಡುವೆ ಸಿಕ್ಕಿ, ದೇಹದ ಭಾರಕ್ಕೆ ಆ ಎರಡೂ ತಂತಿಗಳು ಒಂದರ ಮೇಲೊಂದು ತಿರುಚಿಕೊಂಡು, ಪ್ರಾಣಿ ತಲೆಕೆಳಗಾಗಿ ನೇತಾಡಿ ಸಾಯುತ್ತದೆ. ಮರಿ ಹಾರಲಾರದು, ಜಾಲರಿಯಲ್ಲಿ ತೂರಲೂ ಆರದು. ತಾಯಿ ಆಚೆ ಹೋದ ಮೇಲೆ ಬೇಲಿಯ ಉದ್ದಕ್ಕೂ ಅತ್ತಿಂದಿತ್ತ ಓಡುತ್ತದೆ. ಆ ಓಟದಿಂದ ಬೇಲಿಯ ಪಕ್ಕದ ಮಣ್ಣಿನಲ್ಲಿ ನಮ್ಮ ಗದ್ದೆಯ ಬದುವಿನ ಮೇಲಿನ ಹಾದಿಯಂಥದೇ ಒಂದು ಸವಕಲು ಹಾದಿ ಬಿದ್ದಿತ್ತು. ಕಂಬವೊಂದರ ಬುಡದಲ್ಲಿ, ತಿರುಚಿದ ತಂತಿಯ ನಡುವೆ, ಒಣಗಿ ಚಕ್ಕೆಯಾದ ಕಾಲೊಂದು ಗೊರಸಿನ ಸಮೇತ ಹಾಗೆಯೇ ಉಳಿದಿತ್ತು. ಅರುವತ್ತು ದಾಟಿದ, ಮೂವತ್ತು ನಲವತ್ತು ಜಿಂಕೆಗಳನ್ನಾದರೂ ಹೊಡೆದಿರಬಹುದಾದ ಮನುಷ್ಯನೊಬ್ಬ ಅದರ ಮುಂದೆ ಮಂಡಿಯೂರಿ ಕೂತು, ಇಕ್ಕಳದಿಂದ ತಂತಿ ಕತ್ತರಿಸಿ, ಆ ಕಾಲನ್ನು ಬಿಡಿಸಿ ಪೊದೆಯ ಬುಡದಲ್ಲಿಟ್ಟ. ಒಂದು ಮಾತೂ ಆಡಲಿಲ್ಲ. ಆಮೇಲೆ ಎದ್ದು, ಕಿತ್ತ ತಂತಿಯನ್ನು ಸಿಂಬಿ ಸುತ್ತಿ ಟ್ರಕ್ಕಿಗೆ ಎಸೆದ.

ಹೊಸ ಬೇಲಿ ಬೇಕೆನ್ನುವ ಕಡೆ ಇವರು ಅದಕ್ಕೂ ಒಂದು ಅಳತೆ ಇಟ್ಟುಕೊಂಡಿದ್ದಾರೆ: ಕೆಳಗಿನ ತಂತಿ ಮುಳ್ಳಿಲ್ಲದ್ದು ಮತ್ತು ನೆಲದಿಂದ ಕನಿಷ್ಠ 16 ಅಂಗುಲ ಮೇಲೆ, ಅತಿ ಮೇಲಿನದು 42 ಅಂಗುಲ ಮೀರದಂತೆ, ಮೇಲಿನ ಎರಡು ತಂತಿಗಳ ನಡುವೆ 12 ಅಂಗುಲದ ಅಂತರ. ಇಷ್ಟಾದರೆ ದನವೂ ನಿಲ್ಲುತ್ತದೆ, ಮರಿಯೂ ನುಸುಳುತ್ತದೆ, ಹಾರುವ ಜಿಂಕೆಯ ಕಾಲೂ ಸಿಕ್ಕುವುದಿಲ್ಲ. ಇಡೀ ವರ್ಷದ ಜಿಂಕೆ ರಕ್ಷಣೆಯ ಭಾಷಣಗಳನ್ನು ಒಂದು ತಕ್ಕಡಿಗೆ ಹಾಕಿ ಈ ಮೂರು ಅಳತೆಗಳನ್ನು ಇನ್ನೊಂದಕ್ಕೆ ಹಾಕಿದರೆ, ಅಳತೆಗಳೇ ತೂಗುತ್ತವೆ ಎಂದು ನನ್ನ ಎಣಿಕೆ.

ನಾನು ಸದಸ್ಯನಾದ ಸಂಸ್ಥೆಯ ಹೆಸರು ಮ್ಯೂಲಿ ಫ್ಯಾನಾಟಿಕ್ ಫೌಂಡೇಶನ್. 2012ರಲ್ಲಿ ಇದೇ ಗ್ರೀನ್ ರಿವರ್‌ನಲ್ಲಿ ಹುಟ್ಟಿದ್ದು. ಹೆಸರು ಕೇಳಿ ಹೆದರಬೇಡ. ಮ್ಯೂಲ್ ಡಿಯರ್‌ನ ಹುಚ್ಚು ಹಿಡಿದವರು ಎಂದಷ್ಟೇ ಅದರ ಅರ್ಥ. ಇಂಥ ಸಂಸ್ಥೆಗಳ ಸಂಪಾದನೆಯ ರೀತಿ ಮೊದಲು ನನಗೆ ತೀರ ವಿಚಿತ್ರವಾಗಿ ಕಂಡಿತ್ತು: ಊರಿನ ಸಭಾಂಗಣದಲ್ಲಿ ಭೋಜನಕೂಟ, ಅಲ್ಲಿ ಲಾಟರಿ ಎತ್ತಿ ರೈಫಲ್ ಕೊಡುವುದು, ವನ್ಯಜೀವಿ ಆಯೋಗದವರು ಇಂಥ ಸಂಸ್ಥೆಗಳಿಗೆಂದೇ ಕೊಡುವ ವಿಶೇಷ ಬೇಟೆ ಪರವಾನಗಿಯನ್ನು ಹರಾಜು ಕೂಗುವುದು. ಜಾತ್ರೆಯಲ್ಲಿ ಟಗರು ಹರಾಜು ಹಾಕಿದಷ್ಟೇ ಗದ್ದಲ. ಒಂದು ಜಿಂಕೆಯನ್ನು ಕೊಲ್ಲುವ ಹಕ್ಕಿಗೆ ಸಾವಿರಾರು ಡಾಲರ್ ಕೂಗಿದವನ ಬೆನ್ನು ತಟ್ಟುವಾಗ ನನಗೆ ಇಂದಿಗೂ ಕೈ ಮುಂದಾಗುವುದಿಲ್ಲ. ಆದರೆ ಆ ಹಣ ಬೇಲಿ ತಿದ್ದುವುದಕ್ಕೆ, ಸೇಜ್‌ಬ್ರಷ್ ಬಯಲನ್ನು ನುಂಗುತ್ತಿರುವ ಚೀಟ್‌ಗ್ರಾಸ್ ಎಂಬ ಪರದೇಶಿ ಹುಲ್ಲನ್ನು ಹತ್ತಿಕ್ಕುವುದಕ್ಕೆ, ಸಂಶೋಧನೆಗೆ ಹೋಗುವುದನ್ನು ಕಂಡಿದ್ದೇನೆ. ಜಿಂಕೆ ಕಡಿಮೆಯಾಗುವುದಕ್ಕೂ ಎಲ್ಕ್ ಎಂಬ ದೊಡ್ಡ ಕಡವೆ ಹೆಚ್ಚಾಗುವುದಕ್ಕೂ ಸಂಬಂಧವಿದೆಯೇ ಎಂಬ ಪ್ರಶ್ನೆ ಇಲ್ಲಿ ಚಹಾದಂಗಡಿಯ ಜಗಳವಾಗಿತ್ತು; ಅದನ್ನು ಜಗಳವಾಗಿಯೇ ಬಿಡದೆ, ವಯೋಮಿಂಗ್ ವಿಶ್ವವಿದ್ಯಾಲಯದವರೂ ರಾಜ್ಯದ ಇಲಾಖೆಯವರೂ ಕೂಡಿ ಎರಡೂ ಪ್ರಾಣಿಗಳಿಗೆ ಕೊರಳಪಟ್ಟಿ ಕಟ್ಟಿ ಅಧ್ಯಯನ ನಡೆಸಲು ಈ ಸಂಸ್ಥೆ ಕೈಜೋಡಿಸಿತು. ಬೇಟೆಗಾರರು ತಮ್ಮ ಊಹೆಯನ್ನು ಪರೀಕ್ಷೆಗೆ ಒಡ್ಡಲು ತಾವೇ ಮುಂದಾದದ್ದು ನನಗೆ ಹಿಡಿಸಿತು.

ಸಂಸ್ಥೆಯ ಹಣ ಚಿಕ್ಕದು. ದೊಡ್ಡ ಹೊಳೆ ಬೇರೆ ಕಡೆಯಿಂದ ಹರಿಯುತ್ತದೆ. ಈ ದೇಶದಲ್ಲಿ 1937ರಲ್ಲಿ ಪಿಟ್‌ಮನ್–ರಾಬರ್ಟ್‌ಸನ್ ಎಂಬ ಕಾನೂನು ಬಂತು. ಮಾರುಕಟ್ಟೆಗೆ ಮಾಂಸ, ಚರ್ಮ ಮಾರುವ ಬೇಟೆಯಿಂದ ಹಿಂದಿನ ಶತಮಾನದಲ್ಲಿ ಜಿಂಕೆಗಳು ಅನೇಕ ರಾಜ್ಯಗಳಲ್ಲಿ ಅಳಿದೇ ಹೋಗುವ ಸ್ಥಿತಿಗೆ ಬಂದಿದ್ದ ನೆನಪು ಆಗಿನ್ನೂ ಹಸಿಯಾಗಿತ್ತು. ಉದ್ದ ಕೋವಿಗಳಿಗೂ ತೋಟಾಗಳಿಗೂ ತಯಾರಕರು ಕಟ್ಟುವ ನೂರಕ್ಕೆ 11ರ ಸುಂಕವನ್ನು ವನ್ಯಜೀವಿಗಳಿಗೆಂದೇ ಮೀಸಲಿಟ್ಟು, ರಾಜ್ಯದ ವಿಸ್ತೀರ್ಣವನ್ನೂ ಪರವಾನಗಿ ಪಡೆದ ಬೇಟೆಗಾರರ ಸಂಖ್ಯೆಯನ್ನೂ ನೋಡಿ ಹಂಚುತ್ತಾರೆ. ಕೆಲಸದ ಖರ್ಚಿನಲ್ಲಿ ಮುಕ್ಕಾಲು ಪಾಲಿನವರೆಗೆ ಕೇಂದ್ರ ಕೊಟ್ಟರೆ ಉಳಿದದ್ದನ್ನು ರಾಜ್ಯ ಹಾಕಬೇಕು. ಆ ಕಾನೂನಿನ ಜೀವಾಳವಿರುವುದು ಇನ್ನೊಂದು ಷರತ್ತಿನಲ್ಲಿ: ಬೇಟೆ ಪರವಾನಗಿಯಿಂದ ಬಂದ ಹಣವನ್ನು ರಾಜ್ಯ ಸರ್ಕಾರ ಮತ್ತೊಂದು ಬಾಬಿಗೆ ತಿರುಗಿಸಿದರೆ ಕೇಂದ್ರದ ಪಾಲೇ ನಿಂತುಹೋಗುತ್ತದೆ. ನಮ್ಮಲ್ಲಿ ಯಾವ ನಿಧಿ ಯಾವ ಬಾಬಿಗೆ ಹರಿದುಹೋಗುತ್ತದೆಂಬುದನ್ನು ಪಂಚಾಯಿತಿಯಿಂದ ಹಿಡಿದು ಕಂಡಿರುವ ನಿನಗೆ ಈ ಷರತ್ತಿನ ಬೆಲೆಯನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿಗೆ ನೂರು ಕಿಲೋಮೀಟರಿನ ಆಸುಪಾಸಿನಲ್ಲಿ, ಕೆಮ್ಮರರ್ ಊರಿನ ಆಚೆ, ನಗೆಟ್ ಕ್ಯಾನಿಯನ್ ಎಂಬಲ್ಲಿ ಹೆದ್ದಾರಿಯ ಅಡಿಯಲ್ಲಿ ಜಿಂಕೆಗಳಿಗಾಗಿ ಏಳು ಸುರಂಗದಾರಿಗಳಿವೆ. ಮೊದಲನೆಯದನ್ನು 2001ರಲ್ಲಿ ಕಟ್ಟಿದರು, ಉಳಿದ ಆರನ್ನು 2008ರಲ್ಲಿ. ರಸ್ತೆಯ ಎರಡೂ ಬದಿಗೆ ಎತ್ತರದ ಬೇಲಿ ಹಾಕಿ ಜಿಂಕೆಗಳನ್ನು ಸುರಂಗದ ಬಾಯಿಗೆ ತಿರುಗಿಸಿದರು. ಮೂರು ವರ್ಷಗಳಲ್ಲಿ ಸುಮಾರು 49,000 ಜಿಂಕೆಗಳು ಅಡಿಯಲ್ಲಿ ಹಾದುಹೋದುದು ಕ್ಯಾಮೆರಾಗಳಲ್ಲಿ ದಾಖಲಾಯಿತು, ವಾಹನಕ್ಕೆ ಸಿಕ್ಕಿ ಸಾಯುವುದು ಐದರಲ್ಲಿ ನಾಲ್ಕು ಪಾಲು ತಗ್ಗಿತು. ಬಂಡೀಪುರದ ರಸ್ತೆಯಲ್ಲಿ ರಾತ್ರಿ ಸಂಚಾರ ನಿಲ್ಲಿಸಿದಾಗ ಎಷ್ಟು ಗದ್ದಲವಾಯಿತೆಂದು ನೆನಪಿದೆಯಲ್ಲ? ಅಲ್ಲಿ ಗೇಟು ಹಾಕಿದ್ದು ಸರಿಯೆಂದೇ ನಾನು ಈಗಲೂ ಹೇಳುತ್ತೇನೆ; ಆದರೆ ಇಲ್ಲಿ ಬೇಲಿ ತೆಗೆಯಿರೆಂದು ಹಟ ಹಿಡಿಯುವ ಬೇಟೆಗಾರರೇ ಸುರಂಗದ ಬಳಿ ಬೇಲಿ ಹಾಕಿರೆಂದೂ ಹಟ ಹಿಡಿಯುತ್ತಾರೆ. ಜಿಂಕೆ ಯಾವ ಕಡೆಗೆ ತಿರುಗುತ್ತದೆಂಬ ಒಂದೇ ಗಮನ ಅವರದು.

ಇವೆಲ್ಲ ಹೊಗಳಿಕೆಯೆಂದು ತಿಳಿಯಬೇಡ. 2022–23ರ ಚಳಿಗಾಲದ ಕಥೆ ಹೇಳದಿದ್ದರೆ ಈ ಪತ್ರ ಅರ್ಧ ಸುಳ್ಳಾಗುತ್ತದೆ. ಆ ವರ್ಷ ಹಿಮದ ಮೇಲೆ ಹಿಮ ಬಿದ್ದು ಗಟ್ಟಿಕಟ್ಟಿ, ಪಶ್ಚಿಮ ವಯೋಮಿಂಗಿನ ಜಿಂಕೆಗಳಿಗೆ ಪೊದೆಯ ತುದಿ ಕೂಡ ಸಿಗಲಿಲ್ಲ. ವಯೋಮಿಂಗ್ ರೇಂಜ್ ಎಂಬ ಬೆಟ್ಟಸಾಲಿನ ಹಿಂಡಿನಲ್ಲಿ ಸಂಶೋಧಕರು ಪಟ್ಟಿ ಕಟ್ಟಿದ್ದ ಮರಿಗಳಲ್ಲಿ ಒಂದೂ ಉಳಿಯಲಿಲ್ಲ. ಬೆಳೆದ ಹೆಣ್ಣುಗಳಲ್ಲೂ ಅರ್ಧಕ್ಕಿಂತ ಹೆಚ್ಚು ಸತ್ತವು. ಹಣ, ಬೇಲಿ, ಸುರಂಗ ಯಾವುದೂ ಅಂಥ ಚಳಿಯನ್ನು ತಡೆಯಲಿಲ್ಲ. ಮುಂದಿನ ಋತುವಿನ ಪರವಾನಗಿಗಳನ್ನು ಆಯೋಗ ಕಡಿತಗೊಳಿಸಿತು. ಇಲ್ಲಿ ಉದುರಿದ ಕೊಂಬು ಹೆಕ್ಕುವುದೂ ಒಂದು ಗೀಳು, ಅದಕ್ಕೊಂದು ಮಾರುಕಟ್ಟೆಯೂ ಇದೆ. ಆದರೆ ಚಳಿಯಲ್ಲಿ ಕೊಬ್ಬು ಕರಗಿಸಿ ಬದುಕುವ ಜಿಂಕೆಯನ್ನು ಒಮ್ಮೆ ಬೆದರಿಸಿ ಓಡಿಸಿದರೂ ಅದರ ಆಯುಸ್ಸು ಕಳೆದಂತೆಯೇ ಆದ್ದರಿಂದ, ರಾಜ್ಯದ ಪಶ್ಚಿಮ ಭಾಗದಲ್ಲಿ ಮೇ 1ರವರೆಗೆ ಕೊಂಬು ಮುಟ್ಟುವಂತಿಲ್ಲ. ಹೊಡೆಯುವುದಕ್ಕೆ ಋತು ಇರುವಂತೆ ಹೆಕ್ಕುವುದಕ್ಕೂ ಋತು.

ನನಗೆ ಒಪ್ಪಿಗೆಯಾಗದ ಮಾತುಗಳೂ ಇವೆ. ಯಾವ ಪ್ರಾಣಿಯನ್ನು ಹೊಡೆಯಲು ಜನ ಹಣ ಕೊಡುತ್ತಾರೋ ಆ ಪ್ರಾಣಿಯ ಕಡೆಗೇ ಹಣ ಹರಿಯುತ್ತದೆ. ಕಪ್ಪೆಗೆ, ಸಣ್ಣ ಹಕ್ಕಿಗೆ ಭೋಜನಕೂಟ ಮಾಡುವವರು ಕಡಿಮೆ. ಕಯೋಟಿ ಎಂಬ ಇಲ್ಲಿನ ನರಿಯಂಥ ಪ್ರಾಣಿ ಜಿಂಕೆಮರಿ ತಿನ್ನುತ್ತದೆಂಬ ಕಾರಣಕ್ಕೆ ಅದನ್ನು ಕೊಂದು ಹಾಕುವುದನ್ನೂ ರಕ್ಷಣೆಯ ಪಟ್ಟಿಗೇ ಸೇರಿಸುವವರಿದ್ದಾರೆ. ಈ ವಿಷಯದಲ್ಲಿ ನಾನು ಅವರೊಡನೆ ವಾದ ಮಾಡಿ ಸೋತಿದ್ದೇನೆ, ಸೋತರೂ ಒಪ್ಪಿಲ್ಲ.

ಈ ಕ್ರಮವನ್ನು ನಮ್ಮೂರಿಗೆ ತರಬಹುದೇ ಎಂದು ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಬೇಡ. ವಯೋಮಿಂಗಿನ ನೆಲದಲ್ಲಿ ಹೆಚ್ಚುಕಡಿಮೆ ಅರ್ಧ ಕೇಂದ್ರ ಸರ್ಕಾರದ ಬಯಲು, ಇಡೀ ರಾಜ್ಯದ ಜನಸಂಖ್ಯೆ ಆರು ಲಕ್ಷ ಮುಟ್ಟುವುದಿಲ್ಲ. ಮೈಸೂರು ನಗರವೊಂದರಲ್ಲೇ ಅದಕ್ಕಿಂತ ಹೆಚ್ಚು ಜನರಿದ್ದಾರೆ. ನಮ್ಮಲ್ಲೂ ಬೇಟೆಗಾರರು ಕಾಡು ಕಾದದ್ದುಂಟು. 1941ರಲ್ಲಿ ವೇಣುಗೋಪಾಲ ವನ್ಯಧಾಮವಾದ ಬಂಡೀಪುರದ ಕಾಡು ಮೊದಲು ಮೈಸೂರು ಅರಸರ ಶಿಕಾರಿಯ ನೆಲ. ಆದರೆ ಅಲ್ಲಿ ಕಾವಲು ಇದ್ದದ್ದು ಅರಮನೆಗಾಗಿ, ಊರವನಿಗೆ ಕಾಡಿನ ಬಾಗಿಲು ಮುಚ್ಚಿತ್ತು. ಇಲ್ಲಿಯಾದರೆ ನಮ್ಮ ಕಾರ್ಖಾನೆಯ ವೆಲ್ಡರ್ ಕೂಡ ಪರವಾನಗಿಗೆ ಅರ್ಜಿ ಹಾಕಿ, ಸಿಗದಿದ್ದರೆ ಮುಂದಿನ ವರ್ಷಕ್ಕೆ ಕಾಯುತ್ತಾನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಮ್ಮಲ್ಲಿ ಬೇಟೆಗೆ ತೆರೆ ಎಳೆಯದಿದ್ದರೆ ನಿನ್ನ ಗದ್ದೆಯ ಆಚೆಯ ಕಾಡಿನಲ್ಲಿ ಇಂದು ಕಡವೆಯ ಕೂಗು ಕೇಳುತ್ತಿರಲಿಲ್ಲ. ಬೆಳೆ ಕಳೆದುಕೊಂಡವನಿಗೆ ಪರಿಹಾರ ಹೊತ್ತಿಗೆ ಸರಿಯಾಗಿ ಕೈಸೇರಬೇಕೆಂಬ ನಿನ್ನ ಹಳೆಯ ಮಾತು ಬೇರೆಯೇ, ಅದಕ್ಕೆ ನನ್ನ ಪೂರ್ತಿ ಸಮ್ಮತಿಯಿದೆ.

ನಾನಿನ್ನೂ ಕೋವಿ ಹಿಡಿದಿಲ್ಲ, ಹಿಡಿಯುವ ಯೋಚನೆಯೂ ಇಲ್ಲ. ಭೋಜನಕೂಟದಲ್ಲಿ ನನ್ನ ತಟ್ಟೆಗೆ ಬೇಯಿಸಿದ ಆಲೂಗಡ್ಡೆ ಬೇರೆಯಾಗಿ ಬರುತ್ತದೆ, ಅದರ ಬಗ್ಗೆ ಪ್ರತಿ ವರ್ಷವೂ ಅದೇ ತಮಾಷೆ ನಡೆಯುತ್ತದೆ. ಹೋದ ಶನಿವಾರ ಅದೇ ಕುರಿಬೇಲಿಯ ಬಳಿ ಮತ್ತೆ ಹೋಗಿದ್ದೆವು. ಜಾಲರಿ ತೆಗೆದ ಕಡೆ ಆ ಸವಕಲು ಹಾದಿಯ ಮೇಲೆ ಹುಲ್ಲು ಹುಟ್ಟಿದೆ, ಅದನ್ನು ಅಡ್ಡಹಾಯ್ದು ಹೊಸದಾಗಿ ಗೊರಸಿನ ಗುರುತುಗಳು ಬಿದ್ದಿವೆ. ಕೀಳಬೇಕಾದದ್ದು ಇನ್ನೂ ಎರಡು ಮೈಲಿ ಉಳಿದಿದೆ. ನನ್ನ ಗವಸಿನ ಬಲಗೈ ಹೆಬ್ಬೆರಳು ಹರಿದುಹೋಗಿರುವುದರಿಂದ ಈ ವಾರ ಹೊಸದೊಂದು ಕೊಳ್ಳಬೇಕು. ಕೋವಿ ಠಾಣೆಯಿಂದ ಬಂದೊಡನೆ ಬರೆ, ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಇಂತು ನಿನ್ನ ಗೆಳೆಯ