ಪುಟ್ಟಿಗೊಂದು ಪತ್ರ: ಮುರ್ಷಿದಾಬಾದಿನ ಬಿಳುಪು

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪ್ರಬಂಧದ ಮೊದಲ ಅಧ್ಯಾಯವನ್ನು ಎರಡು ಸಲ ಓದಿದೆ. ಶ್ರಮಪಟ್ಟು ಬರೆದಿದ್ದೀಯ, ಸಂತೋಷವಾಯಿತು. ಒಂದು ಸಾಲು ಮಾತ್ರ ಮನಸ್ಸಿಗೆ ಮುಳ್ಳಿನಂತೆ ನಾಟಿದೆ. ಪ್ರಾಂತ್ಯದ ನವಾಬರ ಭಾವಚಿತ್ರಗಳು ದೆಹಲಿಯ ಮೊಘಲ್ ಚಿತ್ರಗಳ ಸೊರಗಿದ ನಕಲು ಎಂದಿದ್ದೀಯ. ಹಾಗೆ ತೀರ್ಪು ಕೊಡುವ ಮೊದಲು ಆ ಚಿತ್ರಗಳ ಮುಂದೆ ಎಷ್ಟು ಹೊತ್ತು ಕುಳಿತಿದ್ದೆ, ಮಗಳೇ?

ಅಲಿವರ್ದಿ ಖಾನನನ್ನೇ ನೋಡು. ತನ್ನನ್ನು ಬೆಳೆಸಿದ ಮನೆಯ ಮಗ ಸರ್ಫರಾಜ್ ಖಾನನ ಮೇಲೆ ದಂಡೆತ್ತಿ ಹೋಗಿ, 1740ರಲ್ಲಿ ಗಿರಿಯಾದ ಕಾಳಗದಲ್ಲಿ ಗೆದ್ದು ಬಂಗಾಳದ ಗದ್ದುಗೆ ಹಿಡಿದವನು. ಉಂಡ ಮನೆಯ ಜಂತೆ ಎಣಿಸಿದವನು ಎಂದು ಊರು ಆಡಿಕೊಂಡರೆ ಆಶ್ಚರ್ಯವಿಲ್ಲ. 1742ರಿಂದ ಮರಾಠರ ದಾಳಿ ಶುರುವಾಯಿತು. ಕೊನೆಗೆ 1751ರಲ್ಲಿ ವರ್ಷಕ್ಕೆ 12 ಲಕ್ಷ ರೂಪಾಯಿ ಚೌತ್ ಎಂಬ ಕಪ್ಪ ಕೊಡಲು ಒಪ್ಪಬೇಕಾಯಿತು. ಇಂಥವನು ಚಿತ್ರದಲ್ಲಿ ಹೇಗೆ ಕಾಣುತ್ತಾನೆ? ತಾರಸಿಯ ಮೇಲೆ ಕುಳಿತು ಅಣ್ಣನ ಮಕ್ಕಳೊಡನೆ, ಮೊಮ್ಮಗ ಸಿರಾಜುದ್ದೌಲನೊಡನೆ ಸಮಾಧಾನವಾಗಿ ಮಾತನಾಡುತ್ತಿದ್ದಾನೆ. ದೆಹಲಿಯ ಬಾದಶಹನ ಬೆನ್ನಿಗೆ ಬಾಬರನಿಂದ ಇಳಿದುಬಂದ ವಂಶವಿತ್ತು. ಇವನ ಬೆನ್ನಿಗೆ ಅಂಥದ್ದೇನೂ ಇರಲಿಲ್ಲ. ಬಾದಶಹನ ಭಂಗಿಯನ್ನು ಅವನು ಬಯಸಿದ್ದು ಬರೀ ಶೋಕಿಗಾಗಿ ಎಂದು ನನಗೆ ಅನ್ನಿಸುವುದಿಲ್ಲ.

ಈಗ ಬಣ್ಣಕ್ಕೆ ಬಾ. ಅವನ ರಾಜಧಾನಿ ಮುರ್ಷಿದಾಬಾದಿನ ಆ ಕಾಲದ ಚಿತ್ರಗಳಲ್ಲಿ ಬಿಳುಪು, ಬೂದು, ತಣ್ಣನೆಯ ಹಸಿರು. ನೀನು ಅದನ್ನು ಬಡತನ ಎಂದೆ. ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ಹೇಳುತ್ತೇನೆ ಕೇಳು: ಬಿಳಿ ಕಾಗದದ ಮೇಲೆ ಬಿಳಿ ಪಂಚೆ ಬಿಡಿಸಿ ಎಂದರೆ ಮಕ್ಕಳೆಲ್ಲ ಪೆನ್ಸಿಲ್ ಕೆಳಗಿಡುತ್ತಿದ್ದರು. ಬಿಳಿಯ ಪಕ್ಕದಲ್ಲಿ ಇನ್ನೊಂದು ಬಿಳಿಯನ್ನಿಟ್ಟು, ನಡುವೆ ಮಡಿಕೆಯ ನೆರಳನ್ನು ಉಸಿರಿನಷ್ಟು ತೆಳುವಾಗಿ ಎಳೆಯುವುದು ಕೈ ಪಳಗಿದವರಿಗೂ ಕಷ್ಟ. ಢಾಕಾದ ಮಸ್ಲಿನ್ ಆ ನವಾಬನ ಸೀಮೆಯದೇ ನೇಯ್ಗೆ ಎಂಬುದನ್ನೂ ಮರೆಯಬೇಡ. ಅಲಿವರ್ದಿಯ ಗಡ್ಡವನ್ನು ಭೂತಗನ್ನಡಿ ಹಿಡಿದು ನೋಡು. ಅಳಿಲಿನ ಬಾಲದ ಕೂದಲಿನ ಕುಂಚದಿಂದ ಎಳೆ ಎಳೆಯಾಗಿ ಬಿಡಿಸಿದ ನರೆ ಅದು. ಭಂಗಿಯನ್ನು ದೊರೆಗೆ ಬಿಟ್ಟುಕೊಟ್ಟ ಕಲಾವಿದ ಮುಪ್ಪನ್ನು ಬಿಟ್ಟುಕೊಡಲಿಲ್ಲ.

ನಕಲು ಎಂಬ ಪದವನ್ನೂ ಜೋಪಾನವಾಗಿ ಬಳಸು. ಜಿಂಕೆಯ ತೆಳು ಚರ್ಮದ ಮೇಲೆ ರೇಖೆ ತೆಗೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಇದ್ದಿಲ ಪುಡಿ ತಟ್ಟಿ ಹೊಸ ಕಾಗದಕ್ಕೆ ಇಳಿಸುತ್ತಿದ್ದರು. ಅದಕ್ಕೆ ಚರ್ಬಾ ಎನ್ನುತ್ತಾರೆ. ಒಂದೇ ಚರ್ಬಾದಿಂದ ಹಲವು ಚಿತ್ರಗಳು ಹುಟ್ಟುತ್ತಿದ್ದವು. ಅದು ಕಳ್ಳತನವಲ್ಲ, ಆ ಕಸುಬಿನ ಆಸ್ತಿ. ಲಖನೌ ಸೀಮೆಯ ಔಧದ ಕಲಾವಿದ ಮಿಹಿರ್ ಚಂದನಂತೂ ಇನ್ನೂ ಮುಂದೆ ಹೋದ. ಟಿಲ್ಲಿ ಕೆಟಲ್ ಎಂಬ ಆಂಗ್ಲ ಕಲಾವಿದ 1770ರ ದಶಕದ ಆರಂಭದಲ್ಲಿ ಔಧದ ರಾಜಧಾನಿ ಫೈಜಾಬಾದಿಗೆ ಬಂದು ಅಲ್ಲಿನ ನವಾಬ ಶುಜಾಉದ್ದೌಲನನ್ನು ಎಣ್ಣೆಬಣ್ಣದಲ್ಲಿ ಬರೆದ. ಮಿಹಿರ್ ಚಂದ್ ಅದನ್ನೇ ಕಾಗದದ ಮೇಲೆ ನೀರುಬಣ್ಣಕ್ಕೆ ಇಳಿಸಿದ. ಮೊಘಲ್ ಭಾವಚಿತ್ರಗಳ ಪಕ್ಕನೋಟದ ಮುಖ ಇಲ್ಲಿ ನೋಡುವವರತ್ತ ಹೊರಳಿದೆ. ಬಕ್ಸಾರಿನ ಕಾಳಗದಲ್ಲಿ ಸೋತು, ಈಸ್ಟ್ ಇಂಡಿಯಾ ಕಂಪನಿಗೆ 50 ಲಕ್ಷ ರೂಪಾಯಿ ತೆರಬೇಕಾಗಿ ಬಂದ ನವಾಬ ಆತ. ಆದರೂ ಮೀಸೆಯ ಗತ್ತಿನಲ್ಲಿ ಕೂದಲೆಳೆಯಷ್ಟೂ ಕಡಿಮೆಯಿಲ್ಲ. ಕೆಟಲನ ಚಿತ್ರವನ್ನೂ ಇದನ್ನೂ ಅಕ್ಕಪಕ್ಕ ಇಟ್ಟು ಒಂದು ಇಡೀ ದಿನ ನೋಡು. ಎಲ್ಲಿ ಹೋಲುತ್ತವೆ ಎಂಬುದು ಬೇಗ ಸಿಗುತ್ತದೆ. ಎಲ್ಲಿ ಹೋಲುವುದಿಲ್ಲವೋ ಅದನ್ನು ಬರೆ.

ಇನ್ನೊಂದು ವಿಷಯ. ಚಿತ್ರದ ಅಂಚಿನಲ್ಲಿ ಫಾರ್ಸಿಯಲ್ಲಿ ಹೆಸರಿದೆ ಎಂದು ಅದನ್ನೇ ನಂಬಿಬಿಡಬೇಡ. ಸಂಗ್ರಹಕಾರರು ಎಷ್ಟೋ ಕಾಲದ ಮೇಲೆ ಬರೆಸಿದ ಹೆಸರುಗಳುಂಟು, ತಪ್ಪು ಹೆಸರುಗಳೂ ಉಂಟು. ನಾನು ಚಿಕ್ಕವನಿದ್ದಾಗ ಅಂಥದೊಂದು ಹೆಸರನ್ನು ನಂಬಿ ಲೇಖನ ಬರೆದು, ಅಚ್ಚಾದ ಮೇಲೆ ನಾಚಿಕೆಪಟ್ಟೆ. ಆ ನೋವು ಇನ್ನೂ ಆರಿಲ್ಲ.

ನನ್ನ ಹಳೆಯ ಭೂತಗನ್ನಡಿಯನ್ನು ಅಂಚೆಯಲ್ಲಿ ಕಳಿಸಿದ್ದೇನೆ. ಹಿಡಿ ಸ್ವಲ್ಪ ಸಡಿಲವಾಗಿದೆ, ದಾರ ಸುತ್ತಿಕೋ. ಮುಂದಿನ ಪತ್ರದಲ್ಲಿ ಅಲಿವರ್ದಿಯ ಕೈಬೆರಳುಗಳು ಹೇಗಿವೆ ಎಂದು ಬರೆ.

ನಿನ್ನ ಪ್ರೀತಿಯ,
ದೊಡ್ಡಪ್ಪ